ಲೀಟರಿಗೆ ಹತ್ತೊಂಬತ್ತು

ನಮ್ಮ ಜೀಪು ಲೀಟರಿಗೆ ಹತ್ತೊಂಬತ್ತು ಕಿಲೋಮೀಟರ್ ಕೊಟ್ಟ ದಿನ ನನಗೆ ಊಟ ಸೇರಲಿಲ್ಲ. ಸಂತೋಷಕ್ಕಲ್ಲ, ಗಾಬರಿಗೆ. ಹದಿಮೂರು ಕೊಡಬೇಕಾಗಿದ್ದ ಇಂಜಿನ್ ಅದು. ಹದಿನಾಲ್ಕು ಕೊಟ್ಟಿದ್ದರೆ ಕುಣಿದುಬಿಡುತ್ತಿದ್ದೆ. ಹತ್ತೊಂಬತ್ತು ಅಂದರೆ ಎಲ್ಲೋ ಏನೋ ತಪ್ಪಿದೆ ಅಂತಲೇ ಅರ್ಥ.

ಇದು ಎರಡು ಸಾವಿರದ ಎರಡನೇ ಇಸವಿಯ ಮಾತು. ನಾನು ಆಟೋಮೊಬೈಲ್ ಡಿಪ್ಲೊಮಾ ಮುಗಿಸಿ ಬಿಳಿಗೆರೆ ಪಕ್ಕದ ನಮ್ಮ ಹಳ್ಳಿಗೆ ವಾಪಸ್ ಬಂದಿದ್ದೆ. ಕ್ಲಾಸಿನಲ್ಲಿ ನಾನೊಬ್ಬಳೇ ಹುಡುಗಿ. ಊರಿನಲ್ಲಂತೂ ಕೇಳಲೇಬೇಡಿ, "ಪುಟ್ಟಬಸವಯ್ಯನ ಮಗಳು ಗಾನವಿ ಲಾರಿ ಓದಕ್ಕೆ ಓಗವ್ಳೆ" ಅಂತಲೇ ಎಲ್ಲರೂ ಹೇಳುತ್ತಿದ್ದದ್ದು.

ಪುಟ್ಟಬಸವಯ್ಯ ನಮ್ಮಪ್ಪ. ಅವರ ಹತ್ತಿರ ಮಿಲಿಟರಿ ಹರಾಜಿನಲ್ಲಿ ಹಿಡಿದ ಒಂದು ಪೆಟ್ರೋಲ್ ಜೀಪಿತ್ತು. ಎರೆ ಹೊಲದಲ್ಲಿ ಟ್ರ್ಯಾಕ್ಟರ್ ಹೂತುಕೊಳ್ಳುವ ಮಳೆಗಾಲದಲ್ಲೂ ಅದು ರಸಬಾಳೆ ಗೊನೆ ಹೇರಿಕೊಂಡು ನಾಲೆ ಏರಿ ಮೇಲೆ ಬರುತ್ತಿತ್ತು. ಆದರೆ ಕುಡಿತ ಭಯಂಕರ. ರೋಡಿನಲ್ಲಿ ಲೀಟರಿಗೆ ಆರು, ನಾಲ್ಕೂ ಚಕ್ರ ಎಂಗೇಜ್ ಮಾಡಿ ಕೆಸರಿಗಿಳಿಸಿದರೆ ಮೂರು.

"ಇದು ಜೀಪಲ್ಲ ಕಣವ್ವ, ಅಳಿಯ," ಅನ್ನುತ್ತಿದ್ದರು ಅಪ್ಪ. "ಕೂರ್ಸಿ ಇಕ್ತಾ ಇರಬೇಕು, ಗೇಯ್ಮೆ ಮಾತ್ರ ಕೇಳಬಾರ್ದು."

ಇಳಿಜಾರು ಸಿಕ್ಕಿದರೆ ಸಾಕು, ಅಪ್ಪ ಕೀ ಆಫ್ ಮಾಡಿ ನ್ಯೂಟ್ರಲ್ಲಿನಲ್ಲಿ ಬಿಡುತ್ತಿದ್ದರು. ನಂಜನಗೂಡಿನ ಕಡೆ ಸದ್ದಿಲ್ಲದೆ ಒಂದು ಜೀಪು ಇಳಿದು ಬಂದರೆ ಜನ ತಿರುಗಿಯೂ ನೋಡದೆ "ಪುಟ್ಟಬಸವಯ್ಯ ಬಂದ" ಅನ್ನುತ್ತಿದ್ದರು. ಪೆಟ್ರೋಲಿನ ಜೊತೆಗೆ ಅದಕ್ಕೆ ಇಂಜಿನ್ ಆಯಿಲ್ ಕೂಡ ಬೇಕಿತ್ತು. ಪಿಸ್ಟನ್ ರಿಂಗ್ ಸವೆದು ಆಯಿಲ್ ಹೊಗೆಯಾಗಿ ಹೋಗುತ್ತಿತ್ತು. ಅದನ್ನು ನೋಡಿಕೊಳ್ಳುವುದು ಅಪ್ಪನ ಇಲಾಖೆ. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಆಮೇಲೆ ಬಾನೆಟ್ ಎತ್ತಿ ಇಂಜಿನ್ ತಲೆಗೆ ಮೂರು ಬೆರಳು ವಿಭೂತಿ. ನಾನು ಹುಟ್ಟುವ ಮೊದಲಿಂದ ನಡೆದುಕೊಂಡು ಬಂದದ್ದು.

ನಾನು ಮನೆಗೆ ಬಂದವಳೇ ಹಟ ಹಿಡಿದೆ. ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಕೂರಿಸೋಣ, ನಮ್ಮದೊಂದೇ ಅಲ್ಲ, ಟಿ. ನರಸೀಪುರದವರೆಗೂ ಇರುವ ಎಲ್ಲ ಪೆಟ್ರೋಲ್ ಜೀಪುಗಳನ್ನೂ ನಾನೇ ಬದಲಾಯಿಸುತ್ತೇನೆ, ಖಾಲಿ ಬಿದ್ದಿರುವ ನಮ್ಮ ರೇಷ್ಮೆಹುಳದ ಮನೆಯೇ ನನ್ನ ಗ್ಯಾರೇಜು, ಅಂತ. ಅವ್ವ ಚನ್ನಾಜಮ್ಮನ ತಮ್ಮ ನಂಜೇಶ್ ಮಾವ ಅಷ್ಟರಲ್ಲಿ ತನ್ನ ಗೊಬ್ಬರದ ಅಂಗಡಿಗೆ ಕಂಪ್ಯೂಟರ್ ತಂದಿದ್ದ, ಬಿಲ್ ಹೊಡೆಯಲು ನನ್ನನ್ನು ಕರೆಯುತ್ತಿದ್ದ. ಯೂರಿಯಾ ವಾಸನೆಯಲ್ಲಿ ಕೂತು ಜೀವನಪೂರ್ತಿ ಬಿಲ್ಲು!

ಅಪ್ಪ ಒಂದು ಮಾತು ಹೇಳಿದರು. "ನಮ್ ಜೀಪು ಮಾಡ್ಕೋ. ದೀಪಾವಳಿ ಒಳಗೆ ಒರಗಿನೋನು ಒಬ್ಬ, ಒಬ್ಬನೇ ಒಬ್ಬ, ತನ್ ಜೀಪು ತಂದು ನಿನ್ ಕೈಗೆ ಕೊಟ್ಟರೆ ರೇಷ್ಮೆ ಮನೆ ನಿಂದು. ಇಲ್ಲಾಂದ್ರೆ ಮಾತಾಡ್ದೆ ಮಾವನ ಅಂಗಡೀಗೆ ಓಗ್ಬೇಕು."

"ಆಯ್ತು," ಅಂದೆ. ಯೋಚನೆಯನ್ನೇ ಮಾಡಲಿಲ್ಲ.

ನಂಜನಗೂಡಿನ ಮೆಕ್ಯಾನಿಕ್ ಸಣ್ಣಯ್ಯನ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಸಣ್ಣಯ್ಯನ ಬಾಯಿ ಅವನ ಹೆಸರಿಗಿಂತ ಬಹಳ ದೊಡ್ಡದು. ಗುಜರಿಗೆ ಬಂದ ಪಿಕಪ್ ವ್ಯಾನಿನ ಡೀಸೆಲ್ ಇಂಜಿನ್ ತಂದು, ಬಿಚ್ಚಿ ಹೊಸ ರಿಂಗು ಹಾಕಿದೆವು. ಹಳೇ ಗೇರ್‌ಬಾಕ್ಸಿಗೆ ಅದು ಹೊಂದಲು ನಡುವೆ ಒಂದು ದಪ್ಪ ಕಬ್ಬಿಣದ ಪ್ಲೇಟು ಕೊರೆಸಿದೆ, ರೇಡಿಯೇಟರ್ ಮುಂದಕ್ಕೆ ಸರಿಸಿದೆ, ಡ್ಯಾಶ್‌ಬೋರ್ಡಿಗೆ ಸ್ಟಾಪ್ ನಾಬ್ ಹಾಕಿದೆ. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಕಿಲ್ಲವಾದ್ದರಿಂದ ಕೀ ತಿರುಗಿಸಿದರೆ ಅದು ನಿಲ್ಲುವುದಿಲ್ಲ, ಆ ನಾಬ್ ಎಳೆದು ಡೀಸೆಲ್ಲನ್ನೇ ಕತ್ತರಿಸಬೇಕು. ಅಪ್ಪನಿಗೆ ಇದನ್ನು ಕಲಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಜೀಪು ಮನೆಗೆ ಬಂದ ಮಾರನೇ ದಿನವೇ ಅವ್ವ ಕೂಗಿದಳು. "ಗಾನವೀ! ನಿನ್ ಜೀಪು ನನ್ ರಂಗೋಲಿ ಮ್ಯಾಲೆ ಉಚ್ಚೆ ಉಯ್ದದೆ ನೋಡು ಬಾ!"

ಇಂಜಿನ್ನಿನ ಉಸಿರುಗೊಳವೆ ಅದು. ಕೆಳಗಿನ ಆಯಿಲ್ ತೊಟ್ಟಿಯಲ್ಲಿ ಕಟ್ಟಿಕೊಳ್ಳುವ ಹಬೆ ಅದರಿಂದ ಹೊರಗೆ ಬರುತ್ತದೆ, ಜೊತೆಗೆ ಒಂದೆರಡು ಹನಿ ಎಣ್ಣೆ. ನಾನು ಒಂದು ರಬ್ಬರ್ ಪೈಪು ತಂದು ಆ ಕೊಳವೆಯನ್ನು ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೆ ಸೇರಿಸಿಬಿಟ್ಟೆ. ತನ್ನ ಉಸಿರನ್ನು ತಾನೇ ಕುಡಿಯಲಿ! ಕಾರುಗಳಲ್ಲಿ ಹಾಗೇ ಇರುತ್ತದೆ. ರಂಗೋಲಿ ಉಳಿಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೈಲೇಜ್ ನೋಡುವುದಕ್ಕೆ ನಮ್ಮ ಕಡೆ ಬಾಟ್ಲಿ ಲೆಕ್ಕ. ಟ್ಯಾಂಕಿನ ಪೈಪು ಬಿಚ್ಚಿ ಒಂದು ಲೀಟರ್ ಬಾಟ್ಲಿಗೆ ಇಳಿಬಿಟ್ಟು, ಬಾಟ್ಲಿ ಖಾಲಿಯಾಗಿ ಇಂಜಿನ್ ನಿಲ್ಲುವವರೆಗೆ ಓಡಿಸುವುದು. ಡೀಸೆಲ್ಲಿಗೆ ವಾಪಸ್ ಬರುವ ಪೈಪೂ ಇರುತ್ತದೆ, ಎರಡನ್ನೂ ಬಾಟ್ಲಿಗೇ ಬಿಡಬೇಕು. ಮೊದಲ ಸಲ ಹದಿಮೂರು ಬಂತು. ಎಷ್ಟಿರಬೇಕೋ ಅಷ್ಟೇ. ಎರಡು ವಾರ ಬಿಟ್ಟು ನೋಡಿದರೆ ಹದಿನೈದು. ಆಮೇಲೆ ಹದಿನೇಳು. ಆಮೇಲೆ ಹತ್ತೊಂಬತ್ತು.

"ಸಣ್ಣಯ್ಯಣ್ಣ, ಇದು ಸಾಧ್ಯವೇ ಇಲ್ಲ," ಅಂದೆ. "ಹೊಗೆ ಬೇರೆ ನೀಲಿ ಬರ್ತಾ ಇದೆ."

"ಓಸ ರಿಂಗು ಕೂರ್ತಾ ಅವೆ ಕಣವ್ವ, ಅದಕ್ಕೆ ನೀಲಿ. ನನ್ ಕೈಗುಣ ನಿಂಗೇನ್ ಗೊತ್ತು? ಇನ್ನೊಂದ್ ತಿಂಗ್ಳು ಬುಡು, ಇಪ್ಪತ್ತೈದು ಕೊಡ್ತದೆ. ಆಮ್ಯಾಕೆ ಅದೇ ನಮಗೆ ಡೀಸೆಲ್ ಕೊಡ್ತದೆ!"

ಅವನು ಅಷ್ಟಕ್ಕೇ ಬಿಡಲಿಲ್ಲ. ನರಸೀಪುರದ ಸಂತೆಯಲ್ಲಿ ಡಂಗುರ ಹೊಡೆದ. ವಾರದೊಳಗೆ ಇಟ್ಟಿಗೆ ಗೂಡು ನಡೆಸುವ ನಂಜುಂಡಸ್ವಾಮಿ ಹೇಳಿ ಕಳಿಸಿದರು. ನರಸೀಪುರದಲ್ಲಿ ಅವರಿಗೆ ಮೂರು ಪೆಟ್ರೋಲ್ ಜೀಪುಗಳಿದ್ದವು, ಮೂರೂ ಹೊಳೆ ದಂಡೆಯ ಮರಳಲ್ಲಿ ಮಣ್ಣಲ್ಲಿ ದುಡಿಯುವಂಥವು. "ಬಾಟ್ಲಿ ನನ್ ಕೈಲಿರ್ಬೇಕು. ತಲಕಾಡಿನ ಮರಳು ಹತ್ತಬೇಕು. ಆಮೇಲೆ ಮಾತು."

ಅಪ್ಪ ಹೇಳಿದ್ದ ಒಬ್ಬನೇ ಒಬ್ಬ ಸಿಕ್ಕಿದ್ದ. ದೀಪಾವಳಿ ಅಮಾವಾಸ್ಯೆ ಇನ್ನೇನು ಬಂದೇಬಿಟ್ಟಿತ್ತು. ನಾನು ಹತ್ತೊಂಬತ್ತರ ಬಗ್ಗೆ ಯೋಚಿಸುವುದನ್ನು ಬಿಟ್ಟೆ. ಕೊಡುತ್ತಾ ಇದೆ ತಾನೇ, ಕೊಡಲಿ.

ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ನಂಜುಂಡಸ್ವಾಮಿ ಜೀಪು ಹತ್ತಿದರು. ಬಿಳೀ ಪಂಚೆ, ಬಿಳೀ ಶರ್ಟು, ಮುಖದಲ್ಲಿ ನಗುವಿನ ಸುಳಿವಿಲ್ಲ. ಮುಂದಿನ ಸೀಟಿನಲ್ಲಿ ಕೂತು ತೊಡೆಸಂದಿಗೆ ಬಾಟ್ಲಿ ಸಿಕ್ಕಿಸಿಕೊಂಡು, ಎರಡೂ ಪೈಪನ್ನು ತಾವೇ ಹಿಡಿದುಕೊಂಡರು. ಹಿಂದೆ ಅಪ್ಪ, ಸಣ್ಣಯ್ಯ.

"ಉಡುಗೀನೇ ಓಡ್ಸದಾ?" ಅಂದರು.

"ಉಡುಗೀನೇ ಮಾಡಿರದು," ಅಂದರು ಅಪ್ಪ.

"ನಾನೂ ಮಾಡಿವ್ನಿ," ಅಂದ ಸಣ್ಣಯ್ಯ.

ತಲಕಾಡಿನ ದಾರಿಯಲ್ಲಿ ನಂಜುಂಡಸ್ವಾಮಿ ಕಿಲೋಮೀಟರ್ ಕಲ್ಲು ಎಣಿಸುತ್ತಾ, ಕಲ್ಲಿಗೊಂದು ಸಲ ಬಾಟ್ಲಿ ಎತ್ತಿ ಬಿಸಿಲಿಗೆ ಹಿಡಿಯುತ್ತಾ ಬಂದರು. ತಲಕಾಡು ಬಂದಾಗಲೂ ಬಾಟ್ಲಿಯಲ್ಲಿ ಒಂದು ಬೆರಳು ಡೀಸೆಲ್ ಇತ್ತು. ಅವರ ಹುಬ್ಬು ಮೇಲೆ ಹೋಯಿತು. "ಅಲ್ಲಾ, ಇದೇನ್ ಕುಡೀತದಾ, ಇಲ್ಲಾ ಬರೀ ಮೂಸಿ ನೋಡ್ತದಾ?"

ದೇವಸ್ಥಾನಗಳ ಕಡೆ ಹೋಗದೆ ಹೊಳೆ ಕಡೆ ತಿರುಗಿಸಿದೆ. ಅಲ್ಲಿ ಮರಳು ಮನೆಯೆತ್ತರ ದಿಬ್ಬವಾಗಿ ನಿಂತಿತ್ತು. ನಾಲ್ಕು ಚಕ್ರ ಎಂಗೇಜ್ ಮಾಡಿ, ಎರಡನೇ ಗೇರಿಗೆ ಹಾಕಿ ಏರಿಸಿದೆ. ಮೂತಿ ಆಕಾಶಕ್ಕೆ ಎದ್ದಿತು. ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ. ಚಕ್ರಗಳು ಮರಳು ಉಗುಳುತ್ತಾ ಹತ್ತಿದವು, ಹತ್ತಿಯೇಬಿಟ್ಟವು! ದಿಬ್ಬದ ತಲೆ ಮೇಲಿನ ಸಮತಟ್ಟಿಗೆ ಬಂದಾಗ ನಂಜುಂಡಸ್ವಾಮಿ ಬಾಟ್ಲಿ ಎತ್ತಿ ಅಲ್ಲಾಡಿಸಿದರು.

"ಖಾಲಿ," ಅಂದರು.

ಈಗ ಇಂಜಿನ್ ಎರಡು ಸಲ ಕೆಮ್ಮಿ ನಿಲ್ಲಬೇಕು. ಎಲ್ಲರೂ ಕಾದೆವು.

ನಿಲ್ಲಲಿಲ್ಲ.

"ಖಾಲಿ ಕಣವ್ವ ಬಾಟ್ಲಿ! ಇನ್ನೂ ಓಡ್ತಾ ಅದೆ!" ಅವರ ಮುಖದಲ್ಲಿ ಮೊದಲ ಸಲ ನಗು ಬಂತು.

"ನಾನ್ ಏಳ್ಲಿಲ್ವಾ!" ಸಣ್ಣಯ್ಯ ಹಿಂದಿನಿಂದ ತೊಡೆ ತಟ್ಟಿದ. "ಡೀಸೆಲ್ಲೇ ಬ್ಯಾಡ ಇದಕ್ಕೆ!"

ನಾನು ಆಕ್ಸಿಲರೇಟರಿನಿಂದ ಕಾಲು ತೆಗೆದು ಆಗಲೇ ಎಷ್ಟೋ ಹೊತ್ತಾಗಿತ್ತು. ಆದರೂ ಸದ್ದು ಏರುತ್ತಿತ್ತು. ಕ್ಲಚ್ ಒತ್ತಿದೆ, ಇನ್ನೂ ಏರಿತು. ನ್ಯೂಟ್ರಲ್ಲಿಗೆ ಹಾಕಿದೆ, ಗುಡುಗಿನ ಹಾಗಿದ್ದ ಸದ್ದು ಕಿರುಚಾಟವಾಯಿತು. ಸ್ಟಾಪ್ ನಾಬ್ ಎಳೆದೆ. ಎಳೆದ ನಾಬು ಕೈಗೆ ಬಂದಷ್ಟು ಬಂತು, ಇಂಜಿನ್ನಿಗೆ ಅದು ಕೇಳಿಸಲೇ ಇಲ್ಲ. ಡ್ಯಾಶ್‌ಬೋರ್ಡು, ಸ್ಟೀರಿಂಗು, ನನ್ನ ಹಲ್ಲು ಎಲ್ಲ ನಡುಗತೊಡಗಿದವು. ಹಿಂದಿನಿಂದ ಬಿಳಿನೀಲಿ ಹೊಗೆ ಎದ್ದು ದಿಬ್ಬವನ್ನೇ ನುಂಗಿತು. ಕೆಳಗೆ ಹೊಳೆ ಕಡೆ ಹೋಗುತ್ತಿದ್ದ ಯಾತ್ರಿಕರು ಕೂಗಿಕೊಂಡು ಓಡಿದರು.

"ಅಮ್ಮಣ್ಣೀ, ಆಫ್ ಮಾಡು!" ಅಂತ ನಂಜುಂಡಸ್ವಾಮಿ ಕಿರುಚಿದರು.

"ಆಗ್ತಿಲ್ಲ! ಇಳೀರಿ! ಎಲ್ಲಾ ಇಳೀರಿ, ಇಂಜಿನ್ ಸಿಡಿಯತ್ತೆ!"

ಮೊದಲು ಹಾರಿದ್ದು ಸಣ್ಣಯ್ಯ. ಉರುಳಿಕೊಂಡು ದಿಬ್ಬದ ಕೆಳಗೆ ಹೋದ. ನಂಜುಂಡಸ್ವಾಮಿ ಬಾಟ್ಲಿ ಸಮೇತ ಹಾರಿದರು, ಎರಡೂ ಪೈಪು ಫಟ್ಟನೆ ಕಿತ್ತುಕೊಂಡವು. ನಾನು ಆ ಪೈಪುಗಳನ್ನು ನೋಡಿದೆ. ಎರಡೂ ಗಾಳಿಯಲ್ಲಿ ನೇತಾಡುತ್ತಿದ್ದವು. ಯಾವುದಕ್ಕೂ ಸೇರಿರಲಿಲ್ಲ. ಮತ್ತೆ ಇದು ಏನು ಕುಡಿದು ಓಡುತ್ತಿದೆ? ಮೂರು ವರ್ಷ ಓದಿದ್ದೆಲ್ಲ ತಲೆಯಿಂದ ಅಳಿಸಿಹೋಗಿತ್ತು. ದೆವ್ವ ಅಂತ ಯಾರಾದರೂ ಹೇಳಿದ್ದರೆ ಆ ಕ್ಷಣ ಒಪ್ಪಿಕೊಳ್ಳುತ್ತಿದ್ದೆ.

ಅಪ್ಪ ಮಾತ್ರ ಇಳಿದಿರಲಿಲ್ಲ. ಹಿಂದಿನಿಂದ ಬಗ್ಗಿ ನನ್ನ ಕಿವಿಗೆ ಬಾಯಿಟ್ಟು ಕೂಗಿದರು. "ಎದರ್ಕೋಬ್ಯಾಡ ಕಣವ್ವ! ಏನೂ ಆಗಕಿಲ್ಲ! ಬೆಳಿಗ್ಗೆ ತಾನೇ ಆಯಿಲ್ ಆಕಿವ್ನಿ!"

"ಏನು?"

"ಆಯಿಲ್! ದಿನಾಗ್ಲೂ ಆಕ್ತೀನಲ್ಲ, ಒಂದ್ ಚೊಂಬು!"

"ಚೊಂಬಾ? ಈ ಇಂಜಿನ್ನಿಗಾ?"

"ಇನ್ಯಾವ ಇಂಜಿನ್ಗೆ? ಇಪ್ಪತ್ ವರ್ಷದಿಂದ ಆಕ್ತಾ ಇಲ್ವಾ? ಓಸದು ಅಂತ ಉಪಾಸ ಕೆಡವದಾ?"

ಎಲ್ಲ ಒಂದೇ ಏಟಿಗೆ ಕಣ್ಣ ಮುಂದೆ ಬಂತು. ಹಳೇ ಇಂಜಿನ್ ಆಯಿಲ್ ಕುಡಿಯುತ್ತಿತ್ತು, ದಿನಕ್ಕೊಂದು ಚೊಂಬು ಬೇಕಿತ್ತು. ಹೊಸದಕ್ಕೆ ತೊಟ್ಟೂ ಬೇಡ. ಅಪ್ಪ ಬಾನೆಟ್ ಎತ್ತುವುದು ವಿಭೂತಿ ಹಚ್ಚಲು ಮಾತ್ರ ಅಂದುಕೊಂಡಿದ್ದೆ ನಾನು. ಕೆಳಗಿನ ತೊಟ್ಟಿ ತುಂಬಿ, ಮಿಕ್ಕ ಎಣ್ಣೆ ಉಸಿರುಗೊಳವೆಗೆ ಏರಿ, ನಾನು ಹಾಕಿದ ರಬ್ಬರ್ ಪೈಪಿನಿಂದ ನೇರ ಇಂಜಿನ್ನಿನ ಬಾಯಿಗೆ ಬೀಳುತ್ತಿತ್ತು. ಡೀಸೆಲ್ ಇಂಜಿನ್ನಿಗೆ ಎಣ್ಣೆ ಯಾವುದಾದರೇನು, ಉರಿದರೆ ಸಾಕು. ಹದಿನೈದು, ಹದಿನೇಳು, ಹತ್ತೊಂಬತ್ತು ಎಲ್ಲವೂ ಅಪ್ಪನ ಚೊಂಬು! ಈಗ ದಿಬ್ಬ ಹತ್ತುವಾಗ ಮೂತಿ ಮೇಲೆದ್ದು ಎಣ್ಣೆಯೆಲ್ಲ ಹಿಂದಕ್ಕೆ ವಾಲಿ, ಧಾರೆಯಾಗಿ ಒಳಗೆ ಹೋಗಿತ್ತು. ತೊಟ್ಟಿ ಖಾಲಿಯಾಗುವವರೆಗೆ ಇದು ನಿಲ್ಲುವುದಿಲ್ಲ. ಖಾಲಿಯಾದ ಮೇಲೆ ಇಂಜಿನ್ನೇ ಇರುವುದಿಲ್ಲ.

"ಅಪ್ಪಾ, ಇಳಿ!"

"ನಿನ್ನ ಬುಟ್ಟು ಎಲ್ಲಿಗವ್ವ ಓಗ್ಲಿ?"

"ಹಂಗಾದ್ರೆ ಗಟ್ಟಿ ಹಿಡ್ಕೋ!"

ಎಳೆಯಲಾರದ ಭಾರ ಕೊಟ್ಟು ಇಂಜಿನ್ನಿನ ಉಸಿರು ಕಟ್ಟಿಸುವುದೊಂದೇ ಉಳಿದಿದ್ದ ದಾರಿ. ಎದುರಿಗೆ ಇನ್ನೊಂದು ದಿಬ್ಬದ ಮರಳುಗೋಡೆ ಇತ್ತು. ಕ್ಲಚ್ ಒತ್ತಿ ನಾಲ್ಕನೇ ಗೇರಿಗೆ ತಳ್ಳಿದೆ. ಗೇರು ಕಿರ್ರೆಂದು ಬೈದುಕೊಂಡು ಕೂತಿತು. ಬ್ರೇಕ್ ಮೇಲೆ ಎದ್ದು ನಿಂತಷ್ಟು ಭಾರ ಬಿಟ್ಟು ಕ್ಲಚ್ಚಿನಿಂದ ಕಾಲು ತೆಗೆದೆ. ಜೀಪು ಹಗ್ಗ ಕಿತ್ತ ಹೋರಿಯಂತೆ ಮುಂದಕ್ಕೆ ಚಿಮ್ಮಿ, ಮೂತಿಯನ್ನು ಮರಳಿಗೆ ಹೆಟ್ಟಿ, ನಾಲ್ಕೂ ಚಕ್ರದಿಂದ ಗುಂಡಿ ತೋಡಿಕೊಂಡು ಆಕ್ಸಲ್‌ವರೆಗೆ ಹೂತುಹೋಯಿತು. ಕ್ಲಚ್ಚಿನ ಸುಟ್ಟ ವಾಸನೆ. ಒಂದು ದೊಡ್ಡ ಅದುರು. ಆಮೇಲೆ ಏನೂ ಇಲ್ಲ.

ಅಷ್ಟು ನಿಶ್ಶಬ್ದವನ್ನು ನಾನು ಯಾವತ್ತೂ ಕೇಳಿರಲಿಲ್ಲ. ಬಾನೆಟ್ ಮೇಲಿಂದ ಮರಳು ಸರಸರ ಇಳಿಯುವುದು ಕೇಳಿಸುತ್ತಿತ್ತು. ಅಪ್ಪನ ಹಣೆ ಸೀಟಿನ ಕಂಬಿಗೆ ಬಡಿದು ವಿಭೂತಿ ಮಧ್ಯೆ ಒಂದು ಬುಗುಟೆ ಎದ್ದಿತ್ತು.

"ಸತ್ತೋಯ್ತಾ?" ಅಂದರು ಮೆಲ್ಲಗೆ.

ನಾನು ಇಳಿದು ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದೆ. ಗುರುತು ಇರುವುದು ಕಡ್ಡಿಯ ತುದಿಯಲ್ಲಿ. ಎಣ್ಣೆ ಹಿಡಿಕೆಯವರೆಗೆ ಮೆತ್ತಿಕೊಂಡಿತ್ತು. ದಿಬ್ಬದ ಕೆಳಗಿನಿಂದ ಸಣ್ಣಯ್ಯನ ತಲೆ ಏಳುವುದು ಕಂಡಿತು, ಅದರ ಹಿಂದೆ ಬಾಟ್ಲಿ ಹಿಡಿದ ನಂಜುಂಡಸ್ವಾಮಿ. ಬಿಳೀ ಪಂಚೆ ಪೂರ್ತಿ ಎಣ್ಣೆಹೊಗೆಯ ಬಣ್ಣವಾಗಿತ್ತು. ನನ್ನ ರೇಷ್ಮೆ ಮನೆ ಹೋಯಿತು ಅಂತ ಆಗಲೇ ಅಂದುಕೊಂಡೆ. ಕಣ್ಣಲ್ಲಿ ನೀರು ಬಂದದ್ದು ಹೊಗೆಗೆ ಅಂತ ಅಂದುಕೊಂಡರೋ ಏನೋ, ಯಾರೂ ಕೇಳಲಿಲ್ಲ.

"ಏನಾಯ್ತು ಏಳು," ಅಂದರು ನಂಜುಂಡಸ್ವಾಮಿ. "ನೀನ್ ಏಳು. ಅವ್ನಲ್ಲ."

ಬಾಯಿ ತೆರೆದಿದ್ದ ಸಣ್ಣಯ್ಯ ಮುಚ್ಚಿಕೊಂಡ. ನಾನು ಹೇಳಿದೆ. ಚೊಂಬು, ಕೊಳವೆ, ನನ್ನ ಪೈಪು, ಅವ್ವನ ರಂಗೋಲಿ, ಒಂದನ್ನೂ ಬಿಡಲಿಲ್ಲ. ಹತ್ತೊಂಬತ್ತು ಸುಳ್ಳು ಅಂತಲೂ ಹೇಳಿದೆ.

ಸಣ್ಣಯ್ಯ ಜೀಪಿನ ಕೆಳಗೆ ಮರಳು ತೋಡಿಕೊಂಡು ಮಲಗಿ ಆಯಿಲ್ ತೊಟ್ಟಿಯ ಬೋಲ್ಟು ಸಡಿಲಿಸಿದ. ಕರೀ ಎಣ್ಣೆ ನಮ್ಮ ನೀರಿನ ಕ್ಯಾನಿಗೆ ಸುರಿಯಿತು. ಕ್ಯಾನು ತುಂಬಿತು, ಇನ್ನೂ ಸುರಿಯುತ್ತಿತ್ತು. ಅಪ್ಪ ಕುಕ್ಕರುಗಾಲಿನಲ್ಲಿ ಕೂತು ಅದನ್ನೇ ನೋಡುತ್ತಿದ್ದರು.

"ಇಷ್ಟೂ ನಾನ್ ಆಕಿದ್ದಾ?"

"ಇದು ಉಳಿದಿರೋದಪ್ಪ. ಹಾಕಿದ್ದು ಇನ್ನೂ ಜಾಸ್ತಿ."

"ಶಿವನೇ. ಉಣ್ಣಕ್ಕಿಕ್ಕಿದ್ದೇ ತೆಪ್ಪಾಯ್ತಲ್ಲ."

ಕಡ್ಡಿಯ ಗುರುತಿಗೆ ಎಣ್ಣೆ ಇಳಿಸಿದೆ. ರಬ್ಬರ್ ಪೈಪು ಕಿತ್ತು, ಕೊಳವೆಯನ್ನು ನೆಲಕ್ಕೆ ತಿರುಗಿಸಿ ಕಟ್ಟಿದೆ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಗುದ್ದಲಿ ಕೊಟ್ಟು ಚಕ್ರ ಬಿಡಿಸಲು ಕೈ ಹಾಕಿದರು. ಸಣ್ಣಯ್ಯ ಪೈಪುಗಳನ್ನು ಟ್ಯಾಂಕಿಗೆ ಸೇರಿಸಿ, ಒಳಗೆ ಸಿಕ್ಕಿಕೊಂಡಿದ್ದ ಗಾಳಿ ತೆಗೆದ. ನಾನು ಕೀಗೆ ಕೈ ಹಾಕಿದೆ. ಒಳಗೆ ರಾಡು ಬಾಗಿದ್ದರೆ, ಪಿಸ್ಟನ್ ಒಡೆದಿದ್ದರೆ, ಎಲ್ಲ ಇಲ್ಲಿಗೆ ಮುಗಿಯಿತು. ಮೊದಲ ಸಲ ಬರೀ ಗರಗರ. ಎರಡನೇ ಸಲವೂ ಅಷ್ಟೇ. ಮೂರನೇ ಸಲಕ್ಕೆ ಒಂದು ಮುದ್ದೆ ಹೊಗೆ ಉಗುಳಿ, ಕೆಮ್ಮಿ, ಟಕಟಕ ಅಂತ ಓಡತೊಡಗಿತು. ಸ್ಟಾಪ್ ನಾಬ್ ಎಳೆದೆ. ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದೆ. ಮತ್ತೆ ಎಳೆದೆ. ನಿಂತಿತು! ಇಂಜಿನ್ ನಿಂತದ್ದಕ್ಕೆ ಯಾರಾದರೂ ಅಷ್ಟು ಖುಷಿಪಟ್ಟದ್ದುಂಟೋ ಇಲ್ಲವೋ.

ದಿಬ್ಬ ಇಳಿಸಿ ರೋಡಿಗೆ ಬಂದೆವು. ಬಸ್ಸಿಗೆ ಹೋಗುತ್ತಾರೆ ಅಂದುಕೊಂಡಿದ್ದ ನಂಜುಂಡಸ್ವಾಮಿ ಮತ್ತೆ ಮುಂದಿನ ಸೀಟಿಗೇ ಹತ್ತಿದರು. ಬಾಟ್ಲಿ ಮುಂದೆ ಹಿಡಿದರು. "ತುಂಬ್ಸು."

"ಬೇಡ ಸಾರ್, ನೀವು ನೋಡಿದ್ರಲ್ಲ..."

"ತುಂಬ್ಸವ್ವ ಅಂದ್ರೆ."

ವಾಪಸ್ ಹೊರಟೆವು. ಅವರು ಕಲ್ಲು ಎಣಿಸಿದರು, ನಾನು ಬಾಟ್ಲಿಯನ್ನು ಓರೆಗಣ್ಣಲ್ಲಿ ನೋಡಿದೆ. ಡೀಸೆಲ್ ಇಳಿಯುತ್ತಿದ್ದದ್ದು ಕಣ್ಣಿಗೆ ಕಾಣುವ ಹಾಗಿತ್ತು. ನರಸೀಪುರ ಇನ್ನೂ ದೂರ ಇರುವಾಗಲೇ ಇಂಜಿನ್ ಎರಡು ಸಲ ಕೆಮ್ಮಿ, ಒಂದು ಹುಣಸೆಮರದ ಕೆಳಗೆ ನಿಂತುಬಿಟ್ಟಿತು.

"ಎಷ್ಟು?" ಅಂದರು.

"ಹನ್ನೆರಡು."

"ಹದಿಮೂರು ಅನ್ನವ್ವ," ಅಂತ ಸಣ್ಣಯ್ಯ ಹಿಂದಿನಿಂದ ಪಿಸುಗುಟ್ಟಿದ.

"ಹನ್ನೆರಡು," ಅಂದೆ ಮತ್ತೆ. "ಕ್ಲಚ್ ಸುಟ್ಟಿದೆ, ಅದನ್ನ ಸರಿ ಮಾಡಿದ್ರೆ ಹದಿಮೂರು. ಅದಕ್ಕಿಂತ ಜಾಸ್ತಿ ಇದು ಕೊಡಲ್ಲ ಸಾರ್. ಕೊಟ್ಟರೆ ಹೆದರ್ಕೋಬೇಕು."

ನಂಜುಂಡಸ್ವಾಮಿ ಖಾಲಿ ಬಾಟ್ಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅತ್ತೊಂಬತ್ತು ಅಂತ ಇವ್ನು ಏಳ್ದಾಗ್ಲೇ, ಕಳ್ಳರು ಯಾರೋ ನೋಡ್ಕಂಡು ಬರಣ ಅಂತ ಬಂದೆ ನಾನು. ಜೀಪು ಕೊಡಕ್ಕಲ್ಲ." ಹಿಂದಕ್ಕೆ ತಿರುಗಿದರು. "ಪುಟ್ಟಬಸವಯ್ಯ, ನಂದು ಆರು ಕೊಡ್ತದೆ ಕಣಯ್ಯ. ಅನ್ನೆರಡು ನಾನ್ ನಂಬ್ತೀನಿ. ನನ್ ಕಣ್ಣೆದುರ್ಗೇ ನಿಂತದೆ. ಮೂರೂ ಕೊಡಲ್ಲ, ಒಂದ್ ಕಳಿಸ್ತೀನಿ, ಹಳೇದು. ಆದ್ರೆ ಒಂದ್ ಮಾತು."

"ಏಳಿ."

"ಅದರ ಬಾನೆಟ್ನ ನೀನ್ ಮುಟ್ಟಬಾರ್ದು."

ಅಪ್ಪ ಬುಗುಟೆ ಸವರಿಕೊಂಡು ತಲೆಯಾಡಿಸಿದರು. "ಈಬೂತಿ ಆದ್ರೂ ಅಚ್ಚಬೋದಾ?"

"ಈಬೂತಿ ಅಚ್ಚು. ಚೊಂಬು ಮಾತ್ರ ಮನೇಲಿರ್ಲಿ."

ಅಮಾವಾಸ್ಯೆಗೆ ಎರಡು ದಿನ ಮುಂಚೆ ಆ ಜೀಪು ನಮ್ಮ ರೇಷ್ಮೆ ಮನೆ ಮುಂದೆ ಬಂದು ನಿಂತಿತು. ನಂಜೇಶ್ ಮಾವ ಬಿಲ್ ಹೊಡೆಯಲು ಬೇರೆಯವರನ್ನು ಹುಡುಕಿಕೊಂಡ. ನಮ್ಮ ಜೀಪಿನ ಉಸಿರುಗೊಳವೆಯ ಕೆಳಗೆ ಅವ್ವ ಒಂದು ತೆಂಗಿನಚಿಪ್ಪು ಇಟ್ಟು ರಂಗೋಲಿ ಉಳಿಸಿಕೊಂಡಳು.

ಜೀಪು ಬಂದ ಆ ಬೆಳಿಗ್ಗೆ ನಾನು ಗ್ಯಾರೇಜಿನ ಬಾಗಿಲು ತೆಗೆಯುತ್ತಿದ್ದಾಗ ಅಪ್ಪ ಪೂಜೆ ಮುಗಿಸಿ ಹೊರಗೆ ಬಂದರು. ಕೈಯಲ್ಲಿ ಚೊಂಬು ಇತ್ತು, ಅದರ ತುಂಬ ಆಯಿಲ್. ನಮ್ಮ ಜೀಪಿನ ಬಾನೆಟ್‌ವರೆಗೆ ನಡೆದು ಬಂದವರು ನನ್ನನ್ನು ನೋಡಿ ಅಲ್ಲೇ ನಿಂತರು. ಕೈಯನ್ನು ಏನು ಮಾಡಬೇಕೋ ಅವರಿಗೆ ತಿಳಿಯಲಿಲ್ಲ. ಆಮೇಲೆ ರೇಷ್ಮೆ ಮನೆಯ ಹಳೇ ಬಾಗಿಲ ಕಡೆ ಬಂದು, ತುಕ್ಕು ಹಿಡಿದ ಕೀಲುಗಳಿಗೆ ಒಂದೊಂದೇ ಹನಿ ಬಿಟ್ಟರು.

"ಇದಕ್ಕಾದ್ರೂ ಆಕ್ಬೋದೇನವ್ವ?" ಅಂದರು.